ಇಂಗುಬಾವಿ, ಮಳೆತೋಟ, ಹುಲ್ಲಿನ ಪೇವರ್: ಮೂರನ್ನೂ ಮಾಡಿಸಿ ನೋಡಿದೆ

ಬೆಂಗಳೂರಿನಲ್ಲಿ ನಮ್ಮದು 30x40 ಸೈಟು. ತಾರಸಿ ಸುಮಾರು 75 ಚದರ ಮೀಟರ್. ಒಂದು ಚದರ ಮೀಟರ್ ಮೇಲೆ 1 ಮಿ.ಮೀ. ಮಳೆ ಬಿದ್ದರೆ 1 ಲೀಟರ್ ನೀರು. ಹಾಗಾಗಿ ಒಂದೇ ಸಂಜೆ 50 ಮಿ.ಮೀ. ಸುರಿದರೆ 3,750 ಲೀಟರ್ ಪೈಪಿನಲ್ಲಿ ಇಳಿಯುತ್ತದೆ. ಮೊದಲೆಲ್ಲ ಅದು ಸೀದಾ ರಸ್ತೆಗೆ ಹೋಗುತ್ತಿತ್ತು. ಅದನ್ನು ನಮ್ಮ ನೆಲಕ್ಕೇ ಇಂಗಿಸಲು ಈ ಮೂರನ್ನೂ ಒಂದೊಂದಾಗಿ ಮಾಡಿಸಿದೆ.

ಮೊದಲು ಮಾಡಿಸಿದ್ದು ಹುಲ್ಲಿನ ಪೇವರ್. ಕಾರು ನಿಲ್ಲಿಸುವ ಜಾಗಕ್ಕೆ ತೂತಿನ ಬ್ಲಾಕ್ ಹಾಸಿ, ನಡುವೆ ಹುಲ್ಲು ನೆಟ್ಟೆವು. ಕಾರಿನ ನೆರಳಿಗೆ ಹುಲ್ಲು ಸತ್ತಿತು. ಬ್ಲಾಕಿನ ಕೆಳಗಿನ ನೆಲವನ್ನು ಮೇಸ್ತ್ರಿ ಗಟ್ಟಿಯಾಗಿ ದಮ್ಮಸ್ಸು ಮಾಡಿಬಿಟ್ಟಿದ್ದರು, ನೀರು ಎಲ್ಲಿಂದ ಇಳಿಯಬೇಕು? ದುಡ್ಡು ದಂಡ.

ಆಮೇಲೆ ಇಂಗುಬಾವಿ. 3 ಅಡಿ ಅಗಲ, 20 ಅಡಿ ಆಳ. ಮಣ್ಣು ವಡ್ಡರ ತಂಡ ಬಂದು ಕೈಯಲ್ಲೇ ತೋಡಿ ಸಿಮೆಂಟ್ ರಿಂಗ್ ಇಳಿಸಿತು. ಒಬ್ಬರು ಒಳಗೆ ಅಗೆಯುತ್ತಾ ಹೋದ ಹಾಗೆ ಮಣ್ಣಿನ ಬಣ್ಣ ಬದಲಾಗುವುದನ್ನು ನೋಡುತ್ತಾ ಅರ್ಧ ದಿನ ಅಲ್ಲೇ ನಿಂತಿದ್ದೆ. ತಳಕ್ಕೆ ಸಿಮೆಂಟ್ ಹಾಕಲಿಲ್ಲ, ನೀರು ಇಂಗಬೇಕಲ್ವಾ. ಹೆಚ್ಚುಕಮ್ಮಿ 4,000 ಲೀಟರ್ ಹಿಡಿಯುತ್ತದೆ, ಅಂದರೆ ಆ ಜೋರು ಮಳೆ ಪೂರ್ತಿ ಒಳಗೆ. ಮೊದಲ ವರ್ಷ ತುಂಬಿದ ನೀರು ಮಾರನೆಯ ದಿನಕ್ಕೆ ಖಾಲಿ. ಎರಡನೇ ವರ್ಷ ನಾಲ್ಕು ದಿನವಾದರೂ ನಿಂತೇ ಇತ್ತು. ಪಕ್ಕದ ಹೊಂಗೆ ಮರದ ಎಲೆ, ತಾರಸಿಯ ಧೂಳು, ಎಲ್ಲ ಸೇರಿ ತಳದಲ್ಲಿ ಒಂದು ಪದರ ಹೂಳು. ಬಾವಿಗೆ ಬೀಳುವ ಮೊದಲು ನೀರು ಸೋಸುವ ಫಿಲ್ಟರ್ ಡ್ರಮ್ ಇತ್ತು, ನಿಜ. ಅದನ್ನು ತೊಳೆಯುವವರು ಯಾರು?

ಮಳೆತೋಟ ಮಾಡಿದ್ದು ಕೊನೆಗೆ, ಸುಮ್ನೆ ಆಸೆಗೆ. 8 ಅಡಿ ಉದ್ದ, 6 ಅಡಿ ಅಗಲದ ಜಾಗವನ್ನು ಅರ್ಧ ಅಡಿ ತಗ್ಗು ಮಾಡಿ, ಮರಳು, ಗೊಬ್ಬರ ಬೆರೆಸಿ, ಕಾಬಾಳೆ ಮತ್ತು ಲಾವಂಚ ನೆಟ್ಟೆ. 700 ಲೀಟರೂ ನಿಲ್ಲುವುದಿಲ್ಲ, ದೊಡ್ಡ ಮಳೆಗೆ ಕಾಲು ಗಂಟೆಯಲ್ಲಿ ಉಕ್ಕುತ್ತದೆ. ಸೊಳ್ಳೆ ಬರುತ್ತದೆ ಅಂತ ಮನೆಯಲ್ಲಿ ದಿನಾ ಜಗಳ. ಆದರೆ ಬೆಳಗಾಗುವಷ್ಟರಲ್ಲಿ ನೀರು ಇಂಗಿರುತ್ತದೆ, ಸೊಳ್ಳೆಮರಿ ಬೆಳೆಯಲು ವಾರವಾದರೂ ಬೇಕು. ಕಸ, ಧೂಳೆಲ್ಲ ಗಿಡದ ಬುಡದಲ್ಲೇ ನಿಲ್ಲುತ್ತದೆ. ಅದನ್ನು ಎತ್ತಲು ಒಂದು ಸಲಿಕೆ ಸಾಕು. 20 ಅಡಿ ಬಾವಿಗೆ ಇಳಿಯಬೇಕಿಲ್ಲ.

ಲೀಟರ್ ಲೆಕ್ಕದಲ್ಲಿ ಬಾವಿಯೇ ಗೆದ್ದಿತು. ಆದರೂ ಬರೀ ಒಂದಕ್ಕೇ ದುಡ್ಡಿದೆ, ಮನೆ ಸುತ್ತ ಮರಗಳಿವೆ ಅನ್ನುವವರಿಗೆ ನಾನು ತೋಟವನ್ನೇ ಹೇಳುತ್ತೇನೆ. ನಮ್ಮಲ್ಲಿ ಹೂಳು ತೆಗೆಸಿ, ತಾರಸಿಯ ಪೈಪನ್ನು ತೋಟಕ್ಕೆ ತಿರುಗಿಸಿದ್ದೇನೆ. ಉಕ್ಕಿದ ನೀರು ಮಾತ್ರ ಜಾಲರಿ ದಾಟಿ ಬಾವಿಗೆ ಬೀಳುತ್ತದೆ. ಈ ಮಳೆಗಾಲದಲ್ಲಿ ಬಾವಿ ಮತ್ತೆ ಒಂದೇ ದಿನಕ್ಕೆ ಇಂಗುತ್ತಿದೆ. ಪೇವರ್ ಮೇಲೆ ಕಾರು ನಿಂತಿದೆ.