ಕೈಯಲ್ಲಿ ಬಿಲ್ಲಿದೆ, ಬಿಲ್ಲಿಲ್ಲ: ಬಾಣ ತರಿಸುವ ಮುಂಚೆ ಇದನ್ನೊಮ್ಮೆ ಓದಿ

ಬಾಣ ಮಾರುವವನೊಬ್ಬನ ವಾಟ್ಸಾಪ್ ಸ್ಟೇಟಸ್‌ನಲ್ಲಿ ನೀಲಿ ಅಂಗಿ ಹಾಕಿಕೊಂಡು, ಎರಡೂ ಕೈಯಲ್ಲಿ ಬಾಣ ಹಿಡಿದು, ಹಲ್ಲು ಕಿರಿದು ನಿಂತವನ ಫೋಟೊ ನೋಡಿದ್ದೀರಾ? ಕೆಳಗೆ 'ಸೂಪರ್ ಕ್ವಾಲಿಟಿ, ಗಂಗಾವತಿ ಕಸ್ಟಮರ್' ಅಂತ ಬರೆದಿದೆ. ಅದು ನಾನೇ. ದಯವಿಟ್ಟು ಆ ಫೋಟೊ ನಂಬಬೇಡಿ.

ಬರೆಯೋಕೆ ನಾಚಿಕೆ ಆಗುತ್ತೆ. ಯಾಕೆಂದರೆ ನಾನು ರೈಸ್ ಮಿಲ್ಲಿನಲ್ಲಿ ಲೆಕ್ಕ ಬರೆಯುವವನು. ದಿನವಿಡೀ ತೂಕದ ಜೊತೆಗೇ ಕೆಲಸ. ಭತ್ತದಲ್ಲಿ ತೇವ ಶೇ 17 ದಾಟಿದೆ ಅಂದರೆ ರೈತರ ಜೊತೆ ಜಗಳಕ್ಕೆ ನಿಲ್ಲುತ್ತೇನೆ. ಅಂಥವನು 5,400 ರೂಪಾಯಿ ಕೊಟ್ಟು ತರಿಸಿದ ಒಂದು ಡಜನ್ ಬಾಣಗಳನ್ನು ತೂಗಿ ನೋಡಲಿಲ್ಲ. ಡಬ್ಬಿ ಬಿಚ್ಚಿದ ಹತ್ತೇ ನಿಮಿಷಕ್ಕೆ ಫೋಟೊ ತೆಗೆಸಿ 'ಸೂಪರ್ ಆಗಿವೆ' ಅಂತ ಅವನಿಗೇ ಕಳಿಸಿದೆ. ಆ ಒಂದು ಮಾತು ನನ್ನ ಕುತ್ತಿಗೆಗೆ ಹೇಗೆ ಸುತ್ತಿಕೊಂಡಿತು ಅಂತ ಮುಂದೆ ಹೇಳುತ್ತೇನೆ.

ನನ್ನದು ಹಾರ್ಸ್ ಬೋ, ಅಂದರೆ ಕುದುರೆ ಸವಾರರು ಬಳಸುತ್ತಿದ್ದಂಥ ಗಿಡ್ಡ ಬಿಲ್ಲು. ಬಿದಿರು, ಫೈಬರ್ ಸೇರಿಸಿ ಮಾಡಿದ್ದು, 28 ಇಂಚು ಎಳೆಯೋಕೆ 40 ಪೌಂಡು ಬಲ ಬೇಕು. ಬಿಲ್ಲನ್ನು ಬೇರೆಯವರ ಹತ್ತಿರ ಕೊಂಡದ್ದು, ಅದರ ಮೇಲೆ ದೂರಿಲ್ಲ. ಬಾಣ ಕೂರಿಸೋಕೆ ಅದರಲ್ಲಿ ಕೆತ್ತಿದ ಜಾಗ ಇಲ್ಲ. ಎಡಗೈ ಬೆರಳಿನ ಗೆಣ್ಣಿನ ಮೇಲೇ ಬಾಣ ಇಟ್ಟು ಹೊಡೆಯಬೇಕು. ಇಂಥ ಬಿಲ್ಲು ಇಟ್ಟುಕೊಂಡವರಿಗೆ ಮುಂದಿನ ತಲೆನೋವು ಗೊತ್ತೇ ಇರುತ್ತೆ. ಬಾಣ ನೆಟ್ಟಗೆ ಹೋಗಲ್ಲ, ಬಿಲ್ಲಿನ ಹಿಡಿಯನ್ನು ಸುತ್ತಿಕೊಂಡು ಹಾವಿನ ಹಾಗೆ ಬಾಗುತ್ತಾ ಹೋಗುತ್ತೆ. ಎಷ್ಟು ಬಾಗಬೇಕೋ ಅಷ್ಟೇ ಬಾಗಬೇಕು. ಬಿರುಸು ಜಾಸ್ತಿಯಾದರೆ ನನ್ನಂಥ ಬಲಗೈಯವನ ಬಾಣ ಎಡಕ್ಕೆ, ಮೆತ್ತಗಾದರೆ ಬಲಕ್ಕೆ. ಈ ಬಿರುಸಿಗೇ ಸ್ಪೈನ್ ಅನ್ನುತ್ತಾರೆ. ಮರದ ಬಾಣಕ್ಕೆ ಅದನ್ನು ಪೌಂಡಿನಲ್ಲಿ ಹೇಳುತ್ತಾರೆ, ನನ್ನ ಬಿಲ್ಲಿಗೆ 40-45 ಸಾಕು.

ಬಾಣ ಮರದ್ದಾ ಕಾರ್ಬನ್ ಫೈಬರಿನದ್ದಾ ಅಂತ ನಾನು ಎರಡು ತಿಂಗಳು ತಲೆ ಕೆಡಿಸಿಕೊಂಡಿದ್ದೆ. ಕಾರ್ಬನ್ ಆದರೆ ಹನ್ನೆರಡೂ ಒಂದೇ ಅಚ್ಚು, ಮಳೆಗೂ ಸೊಟ್ಟಗಾಗಲ್ಲ. ಆದರೆ ಮರಕ್ಕೊಂದು ತೂಕ ಇದೆ, ಬಿಟ್ಟಾಗ ಬಿಲ್ಲು ಕೈಯಲ್ಲಿ ಕಡಿಮೆ ಅದುರುತ್ತೆ. ಜೊತೆಗೆ ಮುಂದೆ ಯಾವಾಗಲಾದರೂ ಹಳೇ ಥರದ ಬಿಲ್ಲಿನ ಸ್ಪರ್ಧೆಗಳಾದ ಇಂಡಿಯನ್ ರೌಂಡ್‌ಗೋ ಲಾಂಗ್‌ಬೋ ವಿಭಾಗಕ್ಕೋ ಹೋಗಬೇಕು ಅಂದರೆ ಅಲ್ಲಿ ಕಾರ್ಬನ್ ನಡೆಯಲ್ಲ. ಹಾಗಾಗಿ ಮನಸ್ಸು ಮರದ ಕಡೆಗೇ ಇತ್ತು. ಅದನ್ನು ಆ ಬಾಣ ಮಾರುವವನು ಮೊದಲ ಫೋನಿನಲ್ಲೇ ಹಿಡಿದುಬಿಟ್ಟ.

"ಸಾರ್, ನೀವು ಹಂಪಿ, ಆನೆಗೊಂದಿ ಕಡೆಯವರು. ನಿಮ್ಮ ಕೈಯಲ್ಲಿ ಮರದ ಬಾಣ ಇದ್ರೇನೇ ಲಕ್ಷಣ ಸಾರ್. ಕಾರ್ಬನ್ ಎಲ್ಲ ಪ್ಲಾಸ್ಟಿಕ್ ಆಟದ ಸಾಮಾನು."

ಈ ಮಾತು ನೆನಪಿಟ್ಟುಕೊಳ್ಳಿ.

ಅವನು ಕೇಳಿದ್ದು ಒಂದೇ ಪ್ರಶ್ನೆ, ಬಿಲ್ಲು ಎಷ್ಟು ಪೌಂಡು ಅಂತ. ಎಷ್ಟು ಇಂಚು ಎಳೀತೀರಿ, ಮುಂದೆ ಎಷ್ಟು ತೂಕದ ಮೊನೆ ಬೇಕು, ಬಾಣ ಕೈಮೇಲೆ ಇಡ್ತೀರಾ ಬಿಲ್ಲಿನ ಮೇಲಾ, ಒಂದೂ ಕೇಳಲಿಲ್ಲ. ಕೇಳದೇ ಇದ್ದದ್ದಕ್ಕೇ ನನಗೆ ಅನುಮಾನ ಬರಬೇಕಿತ್ತು. ಬದಲಿಗೆ, ಅಬ್ಬಾ ಎಷ್ಟು ಅನುಭವಸ್ಥ, ಪೌಂಡು ಹೇಳಿದರೆ ಸಾಕು ಎಲ್ಲ ತಿಳೀತಾನೆ ಅಂದುಕೊಂಡೆ. "ಒರಿಜಿನಲ್ ಸೀಡರ್ ಮರ ಸಾರ್, ಸ್ಪೈನ್ ಮ್ಯಾಚ್ ಮಾಡಿ ಕಳಿಸ್ತೀವಿ, 40-45, ಒಂದೊಂದೂ 400 ಗ್ರೇನ್ ತೂಕ" ಅಂದ. ಪೂರ್ತಿ ದುಡ್ಡು ಮುಂಗಡ. ಬಿಲ್ ಕೊಡ್ತೀರಾ ಅಂದಿದ್ದಕ್ಕೆ "ಬಿಲ್ ಬೇಕಂದ್ರೆ ಜಿಎಸ್‌ಟಿ ಎಕ್ಸ್‌ಟ್ರಾ ಆಗತ್ತೆ ಸಾರ್, ಸುಮ್ನೆ ಯಾಕೆ" ಅಂದ. ಹೌದಲ್ವಾ ಅನ್ನಿಸಿತು. ಈಗ ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಕೊಡೋಣ ಅಂದರೆ ಕೈಯಲ್ಲಿ ಬಿಲ್ಲಿದೆ, ಬಿಲ್ಲಿಲ್ಲ.

ಬಾಣ ಬಂದವು. ನೋಡೋಕೆ ಚೆಂದ, ಅದನ್ನು ಇಲ್ಲ ಅನ್ನಲ್ಲ. ಕೆಂಪು ಗರಿ, ಕಪ್ಪು ದಾರ, ಮಿರಿಮಿರಿ ವಾರ್ನಿಷ್. ವಾರ್ನಿಷ್ ವಾಸನೆ ಬಿಟ್ಟರೆ ಬೇರೆ ವಾಸನೆಯೇ ಇರಲಿಲ್ಲ. ಸೀಡರ್ ಅಂದರೆ ಅದಕ್ಕೇ ಅಂತ ಒಂದು ಘಾಟು ಪರಿಮಳ ಇರುತ್ತೆ ಅಂತ ಓದಿದ್ದೆ. ಓದಿ ಏನು ಬಂತು.

ಭಾನುವಾರ ಭಾವನ ಹೊಲಕ್ಕೆ ಹೋದೆವು. ಕೊಯ್ಲು ಮುಗಿದಿತ್ತು. ಭತ್ತದ ಹುಲ್ಲಿನ ಬಣವೆಗೆ ಗೋಣಿಚೀಲ ಕಟ್ಟಿ ಗುರಿ ಮಾಡಿದೆವು. ಒಬ್ಬನೇ ಹೋಗಿದ್ದರೆ ಚೆನ್ನಾಗಿತ್ತು. ನಾನು ವಾರದಿಂದ ಊರೆಲ್ಲ ಹೇಳಿಕೊಂಡು ತಿರುಗಿದ್ದೆ. ಹಾಗಾಗಿ ಭಾವ, ಅವನ ಮಕ್ಕಳು, ಪಕ್ಕದ ಹೊಲದವರು, ಸೋದರಮಾವ, ಎಲ್ಲ ಬಂದು ಬದುವಿನ ಮೇಲೆ ಕುಳಿತಿದ್ದರು. 20 ಮೀಟರ್ ದೂರ. ಮೊದಲ ಬಾಣ ಎಡಕ್ಕೆ, ಬಣವೆ ದಾಟಿ ಹೋಯಿತು. ಎರಡನೆಯದು ಬಲಕ್ಕೆ. ಮೂರನೆಯದು ಮತ್ತೆ ಎಡಕ್ಕೆ. ನಾನು ಒಂದೇ ಕಡೆ ಗುರಿ ಇಡುತ್ತಿದ್ದೇನೆ, ಬಾಣ ಮಾತ್ರ ದಿಕ್ಕಿಗೊಂದು. ಮಾವ ಬೀಡಿ ಕೆಳಗಿಟ್ಟು ಹೇಳಿದ:

"ತಮ್ಮಾ, ಇಲ್ಲೇ ಹೊಳಿ ದಂಡಿಮ್ಯಾಗ ರಾಮ ಒಂದ ಬಾಣಕ್ಕ ವಾಲಿನ್ನ ಕೆಡವಿದ. ನಿನಗ ಮುಂದ ನಿಂತ ಬಣವಿ ಸಿಗವಲ್ದಲ್ಲೋ. ಜ್ವಾಳದ ದಂಟಿನ ಬಾಣ ಮಾಡ್ಕೊಂಡು ಬಂದಿದ್ರ ರೊಕ್ಕನಾರ ಉಳೀತಿತ್ತು."

ಎಲ್ಲ ನಕ್ಕರು. ನಾನೂ ನಕ್ಕೆ. ಐದನೆಯ ಬಾಣ ಎಳೆದು ಬಿಟ್ಟೆ, ಟಪ್ ಅಂತ ಸದ್ದಾಯಿತು. ಮುಂದಿನ ತುಂಡು ಹತ್ತು ಹೆಜ್ಜೆ ಆಚೆ ಬಿತ್ತು. ಹಿಂದಿನದು ಎಲ್ಲಿ ಅಂತ ಹುಡುಕಿದರೆ ಅದರ ಒಂದು ಸೀಳು ನನ್ನ ಎಡ ಮುಂಗೈಯಲ್ಲೇ ಇತ್ತು. ಅಂಗಿ ತೋಳು ತೂರಿಕೊಂಡು ಎರಡು ಇಂಚಿನ ಸೀಳು, ತುದಿ ಕೊರೆದ ಪೆನ್ಸಿಲ್ ಇದ್ದ ಹಾಗೆ. ಸ್ವಲ್ಪ ಮೇಲೆ ಹಾರಿದ್ದರೆ ಕಣ್ಣು. ಭಾವನ ಚಿಕ್ಕ ಮಗ ನನ್ನ ಪಕ್ಕದಲ್ಲೇ ನಿಂತಿದ್ದ. ಆ ಯೋಚನೆ ಬಂದರೆ ಈಗಲೂ ಮೈ ನಡುಗುತ್ತೆ. ಡಾಕ್ಟರ್ ಹತ್ತಿರ ಹೋಗಿ ಸೀಳು ತೆಗೆಸಿ, ಟಿಟಿ ಇಂಜೆಕ್ಷನ್ ಹಾಕಿಸಿಕೊಂಡೆ. ಮನೆಯಲ್ಲಿ ಬಳ್ಳಾರಿ ಜಾಲಿ ಮುಳ್ಳು ಚುಚ್ಚಿತು ಅಂತ ಸುಳ್ಳು ಹೇಳಿದೆ. ಈ ಬರಹ ಹೆಂಡತಿ ಓದಿದರೆ ಇನ್ನೊಂದು ಜಗಳ ಇದೆ.

ಮುರಿದ ತುಂಡನ್ನು ಓಣಿಯ ಬಡಿಗೇರ ಕಾಕಾಗೆ ತೋರಿಸಿದೆ. ಅವರು ಅದನ್ನು ಬಿಸಿಲಿಗೆ ಹಿಡಿದು ಒಮ್ಮೆ ತಿರುಗಿಸಿದರು, ಅಷ್ಟೇ. "ಕಟ್ಟಿಗಿ ಎಳಿ ಈ ತುದಿಯಿಂದ ಆ ತುದಿ ಮಟ ಉದ್ದಕ ಹೋಗಬೇಕಪ್ಪ. ಇದು ನಡುವ ಅಡ್ಡ ಹೊಂಟೈತಿ. ಮುರಿಯೂದ ಇಲ್ಲೇ. ಪ್ಯಾಕಿಂಗ್ ಪೆಟ್ಟಿಗಿ ಕಟ್ಟಿಗಿ ಇದು, ಕಸಬರಗಿ ಕೋಲಿಗೂ ನಾ ಇದನ್ನ ಹಾಕಂಗಿಲ್ಲ." ಉಳಿದ ಹನ್ನೊಂದರಲ್ಲಿ ನಾಲ್ಕಕ್ಕೆ ಇದೇ ಥರ ಅಡ್ಡ ಎಳೆ. ಹೊಳೆಯುವ ವಾರ್ನಿಷ್ ಕೆಳಗೆ ಬರಿಗಣ್ಣಿಗೇ ಕಾಣುತ್ತಿತ್ತು. ನಾನು ಗರಿಯ ಬಣ್ಣ ನೋಡಿಕೊಂಡು ಕೂತಿದ್ದೆ.

ಆ ರಾತ್ರಿ ಸ್ಪೈನ್ ನಾನೇ ಅಳೆದೆ. ಇದಕ್ಕೆ ಮಷಿನ್ ಬೇಕಿಲ್ಲ. ಹಲಗೆಗೆ 26 ಇಂಚು ಅಂತರದಲ್ಲಿ ಎರಡು ಮೊಳೆ ಹೊಡೆದು, ಅದರ ಮೇಲೆ ಬಾಣ ಮಲಗಿಸಿ, ನಡುವೆ 2 ಪೌಂಡು ತೂಕ ನೇತುಹಾಕಬೇಕು. 2 ಪೌಂಡು ಅಂದರೆ 907 ಗ್ರಾಂ. ಮಿಲ್ಲಿನ ತಕ್ಕಡಿಯಲ್ಲಿ ಸೋನಾ ಮಸೂರಿ ಅಕ್ಕಿ 907 ಗ್ರಾಂ, ಚೀಲ ದಾರ ಎಲ್ಲ ಸೇರಿಸಿ, ತೂಗಿಕೊಂಡು ಬಂದೆ. ಬಾಣ ಎಷ್ಟು ಮಿಲಿಮೀಟರ್ ಜೋತು ಬೀಳುತ್ತೋ ಅದರಿಂದ 660 ಅನ್ನು ಭಾಗಿಸಿದರೆ ಸ್ಪೈನ್ ಪೌಂಡಿನಲ್ಲಿ ಸಿಗುತ್ತೆ. ನನಗೆ ಬೇಕಾದದ್ದು 15-16 ಮಿಲಿಮೀಟರ್. ಮೊದಲನೆಯದು 12 ಬಂತು, ಅಂದರೆ 55 ಪೌಂಡು. ಇನ್ನೊಂದು 21, ಅಂದರೆ 31. ಹನ್ನೊಂದರಲ್ಲಿ ಸರಿಯಾಗಿ ಕೂತದ್ದು ಮೂರೇ ಮೂರು. ಮರುದಿನ ಬಂಗಾರದ ಅಂಗಡಿಯ ಗೆಳೆಯನ ತಕ್ಕಡಿಗೆ ಒಯ್ದೆ. 400 ಗ್ರೇನ್ ಅಂದರೆ 26 ಗ್ರಾಂ ಹತ್ತಿರ. ಇಲ್ಲಿ ಒಂದು 23.8 ಗ್ರಾಂ, ಇನ್ನೊಂದು 34.6. ಒಂದೇ ಡಜನ್‌ನಲ್ಲಿ! ಮುಕ್ಕಾಲು ಗ್ರಾಂ ಆಚೆ ಈಚೆ ಇದ್ದರೆ ಯಾರೂ ಮಾತಾಡಲ್ಲ. ಗೆಳೆಯ ಕೇಳಿದ, "ಇವು ಒಂದ ಜೋಡಿಯವೇನು?"

ಎಲ್ಲವನ್ನೂ ಬರೆದು, ಫೋಟೊ ತೆಗೆದು ಅವನಿಗೆ ಕಳಿಸಿದೆ. ಅವನ ಉತ್ತರ ಇದ್ದ ಹಾಗೇ ಹಾಕುತ್ತೇನೆ.

"ಸಾರ್ ಮರ ನ್ಯಾಚುರಲ್ ಪ್ರಾಡಕ್ಟ್ ಸಾರ್, ಸ್ವಲ್ಪ ವ್ಯತ್ಯಾಸ ಇದ್ದೇ ಇರತ್ತೆ."

ಸ್ವಲ್ಪವಾ, 31ಕ್ಕೂ 55ಕ್ಕೂ ಸ್ವಲ್ಪವಾ ಅಂತ ಕೇಳಿದೆ.

"ಅಕ್ಕಿ ಮೂಟೆ ಕಟ್ಟಿ ಸ್ಪೈನ್ ನೋಡ್ತಾರಾ ಸಾರ್, ನಗು ಬರತ್ತೆ. ನಿಮ್ಮ ರಿಲೀಸ್ ಸರಿ ಇಲ್ಲ, ಅದಕ್ಕೇ ಮುರಿದಿದೆ."

907 ಗ್ರಾಂ ಅಕ್ಕಿಯಾದರೂ ಅಷ್ಟೇ, ಕಬ್ಬಿಣವಾದರೂ ಅಷ್ಟೇ ಅಲ್ವಾ? ಅದಕ್ಕೆ ಉತ್ತರ ಬಂತು:

"ನಿಮ್ಮ ಕಡೆ ಬಿಸಿಲು ಜಾಸ್ತಿ ಸಾರ್. ಕೊಪ್ಪಳ, ಬಳ್ಳಾರಿ, ರಾಯಚೂರಿಗೆ ಮರ ಸೂಟ್ ಆಗಲ್ಲ. ಕಾರ್ಬನ್ನೇ ಬೆಸ್ಟ್."

ಹಂಪಿಯವರ ಕೈಗೆ ಮರವೇ ಲಕ್ಷಣ ಅಂದವನು ಇವನೇ! ಬಿಸಿಲಿಗೆ, ತೇವಕ್ಕೆ ಮರ ಸೊಟ್ಟಗಾಗುತ್ತೆ, ನಿಜ. ಅಂಗೈಯಲ್ಲಿ ಉಜ್ಜಿ ಬಿಸಿ ಮಾಡಿ ಬಗ್ಗಿಸಿ ನೆಟ್ಟಗೆ ಮಾಡಿಕೊಳ್ಳುತ್ತೇವೆ, ಅದೇನು ದೊಡ್ಡ ವಿಷಯ ಅಲ್ಲ. ಆದರೆ 45ರ ಬಾಣ ನಮ್ಮೂರ ಬಿಸಿಲು ತಿಂದು ವಾರದಲ್ಲಿ 55 ಆಗುತ್ತಾ? ಕೊನೆಗೆ ಅವನು ಬಿಟ್ಟ ಬಾಣ ಮಾತ್ರ ಗುರಿಗೆ ಬಿತ್ತು:

"ಸಾರ್ ನೀವೇ 'ಸೂಪರ್ ಆಗಿವೆ' ಅಂತ ಮೆಸೇಜ್ ಹಾಕಿದೀರಲ್ಲ. ಸ್ಕ್ರೀನ್‌ಶಾಟ್ ಇದೆ."

ಇಲ್ಲಿಗೆ ಫೋನ್ ಇಟ್ಟು ಸುಮ್ಮನಾಗಬೇಕಿತ್ತು. ಆಗಲಿಲ್ಲ. "ನೀವು ಒಳ್ಳೆ ಕಸ್ಟಮರ್, ಎಕ್ಸ್‌ಚೇಂಜ್ ಮಾಡ್ತೀನಿ, 2,600 ಸೇರಿಸಿ ಕೊಡಿ, ಪ್ಯೂರ್ ಕಾರ್ಬನ್ ಕಳಿಸ್ತೀನಿ, ಮೇಲೆ ಮರದ ಡಿಸೈನ್, ನೋಡಿದವರಿಗೆ ಮರ ಅಂತಲೇ ಅನ್ನಿಸತ್ತೆ" ಅಂದ. ಹೋದ ದುಡ್ಡು ವಾಪಸ್ ಬರುತ್ತೆ ಅನ್ನೋ ಆಸೆ ನೋಡಿ, ಅದು ಇನ್ನಷ್ಟು ದುಡ್ಡು ಹಾಕಿಸುತ್ತೆ. ಹಾಕಿದೆ. ಮರದ ಬಾಣಗಳನ್ನೂ ವಾಪಸ್ ಕಳಿಸಿದೆ, ಆ ಸರಿಯಾದ ಮೂರನ್ನೂ ಸೇರಿಸಿ. ಕೊರಿಯರ್ ಖರ್ಚೂ ನನ್ನದೇ. ಪುರಾವೆಯನ್ನು ನಾನೇ ಕೈಯಾರೆ ಅವನಿಗೆ ಒಪ್ಪಿಸಿದ ಹಾಗಾಯಿತು.

ಕಾರ್ಬನ್ ಬಂದವು. ಮೇಲೆ 500 ಅಂತ ಅಚ್ಚು. ಕಾರ್ಬನ್‌ಗೆ ಲೆಕ್ಕ ಬೇರೆ. 28 ಇಂಚು ಅಂತರ, 880 ಗ್ರಾಂ ತೂಕ, ಅರ್ಧ ಇಂಚು ಬಾಗಿದರೆ 500. ಅಂಕಿ ದೊಡ್ಡದಾದಷ್ಟೂ ಬಾಣ ಮೆತ್ತಗೆ, ಮರದ ಪೌಂಡಿಗೆ ಉಲ್ಟಾ. ಈ ಸಲ ಫೋಟೊ ಕಳಿಸಲಿಲ್ಲ, ಮೊದಲು ಅಕ್ಕಿ ಮೂಟೆ ಕಟ್ಟಿದೆ. 12.7 ಮಿಲಿಮೀಟರ್ ಬಾಗಬೇಕಾದ್ದು 18 ಬಾಗಿತು. ಅಂದರೆ 700ರ ಆಚೆ. ಮರದ ಡಿಸೈನ್ ಅಂದಿದ್ದನಲ್ಲ, ಅದೊಂದು ಸ್ಟಿಕ್ಕರ್, ಉಗುರಿಗೇ ಎದ್ದು ಬಂತು. ಕೆಳಗೆ ಕಪ್ಪು ಬಣ್ಣ. ಒಂದನ್ನು ಗರಗಸದಲ್ಲಿ ಕೊಯ್ದೆ, ಒಳಗೆ ಬಿಳೀ ನಾರು. ಬಹುಪಾಲು ಫೈಬರ್ ಗ್ಲಾಸ್. ಸಾಲದ್ದಕ್ಕೆ ಗರಿಯ ಬದಲು ಪ್ಲಾಸ್ಟಿಕ್ ರೆಕ್ಕೆ. ಗರಿಯಾದರೆ ಕೈಗೆ ತಾಗಿದಾಗ ಮಡಚಿಕೊಂಡು ಹೋಗುತ್ತೆ, ಪ್ಲಾಸ್ಟಿಕ್ ಮಡಚಿಕೊಳ್ಳಲ್ಲ. ಬೆರಳಿನ ಗೆಣ್ಣು ಕಿತ್ತು ಹೋಯಿತು, ಬಾಣವೂ ಅಡ್ಡಾದಿಡ್ಡಿ. ಬಾಣದ ಬಗ್ಗೆ ಗೊತ್ತಿದ್ದವನು ಕೈಮೇಲಿಂದ ಹೊಡೆಯುವವನಿಗೆ ಪ್ಲಾಸ್ಟಿಕ್ ರೆಕ್ಕೆ ಕಳಿಸಲ್ಲ.

ಮೆಸೇಜ್ ಹಾಕಿದೆ. ಎರಡು ನೀಲಿ ಗೆರೆ ಬಂದವು. ಮತ್ತೆ ಹಾಕಿದೆ. ಒಂದೇ ಗೆರೆ, ಅದೂ ಬೂದು. ಬ್ಲಾಕ್.

ಒಟ್ಟು 8,000 ರೂಪಾಯಿ, ಕೊರಿಯರ್ ಬೇರೆ. ಈಗ ಯಾರಾದರೂ ಮರ ಒಳ್ಳೆಯದಾ ಕಾರ್ಬನ್ ಒಳ್ಳೆಯದಾ ಅಂತ ಕೇಳಿದರೆ ನನಗೆ ಸಿಟ್ಟೇ ಬರುತ್ತೆ. ಸರಿಯಾದ ಮರ ಸಿಕ್ಕರೆ ಮರ, ಸರಿಯಾದ ಕಾರ್ಬನ್ ಸಿಕ್ಕರೆ ಕಾರ್ಬನ್. ನನಗೆ ಸಿಕ್ಕಿದ್ದು ಎರಡೂ ಅಲ್ಲ. ದುಡ್ಡು ಹಾಕುವ ಮುಂಚೆ ಪ್ರತಿ ಬಾಣದ ಸ್ಪೈನ್, ತೂಕ ಬರೆದುಕೊಡಿ ಅನ್ನಿ. ಬರೆದು ಕೊಡಲ್ಲ ಅಂದರೆ ಅಳೆದೇ ಇಲ್ಲ ಅಂತ ಅರ್ಥ. ಬಿಲ್ ಇಲ್ಲದೆ ಒಂದು ಮೊನೆಯನ್ನೂ ಕೊಳ್ಳಬೇಡಿ. ಮರವಾದರೆ ಎಳೆ ನೋಡಿ. ಮರವಾಗಲಿ ಕಾರ್ಬನ್ ಆಗಲಿ, ಬಿಡುವ ಮುಂಚೆ ಪ್ರತಿ ಸಲ ಕೈಯಲ್ಲಿ ಸ್ವಲ್ಪ ಬಗ್ಗಿಸಿ ಕಿವಿ ಹತ್ತಿರ ಹಿಡಿಯಿರಿ, ಚಿರ್ ಅಂದರೆ ಅಲ್ಲೇ ಮುರಿದು ಹಾಕಿ. ಮಕ್ಕಳನ್ನು ಪಕ್ಕದಲ್ಲಿ ನಿಲ್ಲಿಸಿಕೊಳ್ಳಬೇಡಿ. ಅಳೆಯುವ ಮುಂಚೆ 'ಸೂಪರ್' ಅನ್ನಬೇಡಿ, ಯಾರಿಗೂ ಅನ್ನಬೇಡಿ.

ಇಷ್ಟೆಲ್ಲ ಬರೆಯೋಕೆ ಕಾರಣ ಸಿಂಧನೂರಿನ ಒಬ್ಬ ಹುಡುಗ. ಮೊನ್ನೆ ಗೆಳೆಯರ ಕೈಯಿಂದ ನನ್ನ ನಂಬರ್ ಪಡೆದು ಫೋನ್ ಮಾಡಿದ್ದ. "ಸರ್, ಸ್ಟೇಟಸ್‌ನಾಗ ನಿಮ್ಮ ಫೋಟೊ ನೋಡಿ ಒಂದು ಡಜನ್ ಆರ್ಡರ್ ಹಾಕೀನ್ರಿ. ನಿಮಗ ಎಷ್ಟು ದಿನಕ್ಕ ಬಂದಿದ್ವು?" ದುಡ್ಡು ಕಳಿಸಿ ಆಗಿತ್ತು. ಏನು ಹೇಳಲಿ? ಐದು ದಿನಕ್ಕೆ ಬರುತ್ತವೆ, ಅಷ್ಟರಲ್ಲಿ 907 ಗ್ರಾಂ ಅಕ್ಕಿ ತೂಗಿಸಿ ಇಟ್ಟುಕೋ ಅಂದೆ.