ನರ್ಸಿಂಗ್ ಮುಗಿಸಿದವರಿಗೆ: ದುಬೈ ಒಳ್ಳೆಯದಾ, ಜರ್ಮನಿಯಾ?

ಮಂಗಳೂರು, ಉಡುಪಿ ಕಡೆಯವರಿಗೆ ದುಬೈ ಹೊಸದೇನಲ್ಲ. ಸಂಬಳಕ್ಕೆ ಆದಾಯ ತೆರಿಗೆ ಇಲ್ಲ, ಕೆಲವೇ ಗಂಟೆಯ ವಿಮಾನ, ಮನೆಗೆ ಬೇಗ ದುಡ್ಡು ಕಳಿಸಬಹುದು. ಸಾಲ ಇದ್ದವರಿಗೆ ಇದು ದೊಡ್ಡ ವಿಷಯ. ಆದರೆ ಅಲ್ಲಿನ ವೀಸಾ ಸಾಮಾನ್ಯವಾಗಿ ನಿಂತಿರುವುದು ಕೆಲಸದ ಮೇಲೆ. ಕೆಲಸ ಹೋದರೆ, ಕೊಟ್ಟ ಗಡುವಿನೊಳಗೆ ಬೇರೆ ಕೆಲಸ ಸಿಗದಿದ್ದರೆ, ಎಷ್ಟೋ ವರ್ಷ ದುಡಿದವರೂ ಊರಿಗೆ ಹೊರಡಬೇಕಾಗಬಹುದು. ಕುಟುಂಬ ಕರೆಸಬೇಕೆಂದರೆ ಕನಿಷ್ಠ 4,000 ದಿರ್ಹಂ ಸಂಬಳ, ಇಲ್ಲವೇ 3,000 ಮತ್ತು ವಸತಿ ಬೇಕು. ಹಾಗಾಗಿ ಅದೇ ಆಸ್ಪತ್ರೆಯಲ್ಲಿ ಕಡಿಮೆ ಸಂಬಳಕ್ಕೆ ನೆಲ ಒರೆಸುವವರು ಮಕ್ಕಳನ್ನು ಫೋನಿನಲ್ಲೇ ನೋಡಬೇಕು. ಇದು ನನಗೆ ಸಹಿಸಲಾಗದ ಅನ್ಯಾಯ.

ಜರ್ಮನಿಗೂ ನಮ್ಮ ನರ್ಸ್‌ಗಳ ಮೇಲೆ ಸುಮ್ನೆ ಪ್ರೀತಿ ಬಂದಿಲ್ಲ. ಅಲ್ಲಿ ವಯಸ್ಸಾದವರು ಜಾಸ್ತಿ, ನೋಡಿಕೊಳ್ಳುವವರು ಕಡಿಮೆ. ಜರ್ಮನ್ ಕಲಿಯಬೇಕು, ಸಾಮಾನ್ಯವಾಗಿ ಬಿ2 ಮಟ್ಟ, ಅಂದರೆ ಸರಾಗವಾಗಿ ಮಾತಾಡುವಷ್ಟು ಭಾಷೆ, ಕೇಳುತ್ತಾರೆ. ನಿಮ್ಮ ಡಿಗ್ರಿಗೆ ಅಲ್ಲಿನ ಮಾನ್ಯತೆಯೂ ಬೇಕು, ತೆರಿಗೆಯೂ ಜಾಸ್ತಿ. ಆದರೆ ಉಳಿಯಲು ದಾರಿ ಇದೆ: ಷರತ್ತು ಪೂರೈಸಿದರೆ ಮೂರು ವರ್ಷಕ್ಕೆ ಕಾಯಂ ವಾಸ, 2024ರ ಕಾನೂನಿನಂತೆ ಐದು ವರ್ಷಕ್ಕೆ ಪೌರತ್ವ. ಪೌರತ್ವ ತಗೊಂಡರೆ ಭಾರತದ ಪಾಸ್‌ಪೋರ್ಟ್ ಬಿಡಬೇಕು, ಯಾಕೆಂದರೆ ನಮ್ಮ ದೇಶ ಎರಡು ಪೌರತ್ವ ಒಪ್ಪುವುದಿಲ್ಲ. ಬೇರೆ ದೇಶದ ಪೌರತ್ವ ಪಡೆದ ಭಾರತೀಯ ಮೂಲದವರಿಗೆ ಕೊಡುವ ಒಸಿಐ ಕಾರ್ಡ್ ಸಿಗುತ್ತದೆ, ಆದರೆ ಇಲ್ಲಿ ಮತದಾನದ ಹಕ್ಕಿಲ್ಲ, ಕೃಷಿ ಜಮೀನೂ ಕೊಳ್ಳುವಂತಿಲ್ಲ.

ನಾಲ್ಕೈದು ವರ್ಷ ದುಡಿದು ಸಾಲ ತೀರಿಸಿ ವಾಪಸ್ ಬರುವವರಿಗೆ ದುಬೈ ಸಾಕು. ಮಕ್ಕಳು ಹೊರದೇಶದಲ್ಲೇ ಬೆಳೆಯಬೇಕು ಅನ್ನುವವರು ಇವತ್ತೇ ಜರ್ಮನ್ ಕ್ಲಾಸ್ ಸೇರಿ.