ಮೇಲಿಗೆ ಸಹಿ: ಓಪನ್‌ಡಿಕಿಮ್ಮೋ, ಆರ್‌ಸ್ಪ್ಯಾಮ್‌ಡಿಯೋ?

ದಾವಣಗೆರೆಯಲ್ಲಿ ನಾನು ನೋಡಿಕೊಳ್ಳುವ ಮೇಲ್ ಸರ್ವರ್‌ನಿಂದ ಹೊರಗೆ ಹೋಗುವುದು ಹೆಚ್ಚಾಗಿ ಮೆಕ್ಕೆಜೋಳದ ಬಿಲ್ಲು, ಲಾರಿ ಲೋಡಿನ ವಿವರ. ಬಿಲ್ಲು ಸ್ಪ್ಯಾಮಿಗೆ ಬಿದ್ದರೆ ಅಂಗಡಿಯವರಿಗೆ ದುಡ್ಡು ತಡ. 2024ರ ಫೆಬ್ರವರಿಯಿಂದ ಜಿಮೇಲ್‌ಗೆ ಕಳಿಸುವವರೆಲ್ಲ ಎಸ್‌ಪಿಎಫ್ (ಡೊಮೇನಿನ ಪರವಾಗಿ ಯಾವ ಸರ್ವರ್ ಮೇಲ್ ಕಳಿಸಬಹುದೆಂಬ ಪಟ್ಟಿ) ಅಥವಾ ಡಿಕಿಮ್ (ಮೇಲಿಗೆ ಸರ್ವರ್ ಹಾಕುವ ಡಿಜಿಟಲ್ ಸಹಿ) ಇಟ್ಟಿರಬೇಕು. ದಿನಕ್ಕೆ 5000 ಮೇಲ್ ಕಳಿಸುವವರಿಗೆ ಎರಡೂ ಬೇಕು, ಜೊತೆಗೆ ಡಿಮಾರ್ಕ್ (ಇವೆರಡೂ ಸೋತ ಮೇಲನ್ನು ಏನು ಮಾಡಬೇಕೆಂದು ಹೇಳುವ ನಿಯಮ). ನಮ್ಮದು ಅಷ್ಟಿಲ್ಲ. ಆದರೂ ಎಸ್‌ಪಿಎಫ್ ಒಂದನ್ನೇ ನಂಬಿ ಕೂರಲಾಗದು. ಖರೀದಿದಾರರು ಮೇಲನ್ನು ಬೇರೆ ವಿಳಾಸಕ್ಕೆ ಫಾರ್ವರ್ಡ್ ಮಾಡಿಟ್ಟಿದ್ದರೆ ಕಳಿಸುವ ಐಪಿ ಬದಲಾಗಿ ಎಸ್‌ಪಿಎಫ್ ಸೋಲುತ್ತದೆ. ಡಿಕಿಮ್ ಸಹಿ ಮೇಲಿನ ಜೊತೆಗೇ ಹೋಗುತ್ತದೆ, ದಾರಿಯಲ್ಲಿ ಯಾರೂ ತಿದ್ದದಿದ್ದರೆ ನಿಲ್ಲುತ್ತದೆ.

ಆ ಸಹಿ ಹಾಕಿಸಲು ಪೋಸ್ಟ್‌ಫಿಕ್ಸ್ (ಮೇಲ್ ಕಳಿಸುವ ಸರ್ವರ್ ಪ್ರೋಗ್ರಾಂ) ಜೊತೆ ಓಪನ್‌ಡಿಕಿಮ್, ಆರ್‌ಸ್ಪ್ಯಾಮ್‌ಡಿ ಎಂಬ ಎರಡು ಪ್ರೋಗ್ರಾಂಗಳನ್ನೂ ಓಡಿಸಿ ನೋಡಿದೆ.

ಮೊದಲು ಓಪನ್‌ಡಿಕಿಮ್. ಅದರ ಕೆಲಸ ಒಂದೇ: ಸಹಿ ಹಾಕುವುದು, ಸಹಿ ಪರೀಕ್ಷಿಸುವುದು. ಮೆಮೊರಿ ಬಹಳ ಕಮ್ಮಿ ಸಾಕು. ನನ್ನನ್ನು ಕಾಡಿದ್ದು ಸಾಕೆಟ್, ಅಂದರೆ ಪೋಸ್ಟ್‌ಫಿಕ್ಸ್ ಅದರೊಡನೆ ಮಾತಾಡುವ ಫೈಲ್. ನನ್ನ ಡೆಬಿಯನ್ ಲಿನಕ್ಸ್ ಸರ್ವರ್‌ನಲ್ಲಿ ಪೋಸ್ಟ್‌ಫಿಕ್ಸ್ ತನ್ನ ಸ್ಪೂಲ್ (ಮೇಲಿನ ಸಾಲು ಇಡುವ) ಫೋಲ್ಡರಿನೊಳಗೇ ಬೀಗ ಹಾಕಿಕೊಂಡು ಓಡುತ್ತದೆ; ಸಾಕೆಟ್ ಹೊರಗಿದ್ದರೆ ಅದಕ್ಕೆ ಕಾಣುವುದೇ ಇಲ್ಲ. ಮಿಲ್ಟರ್ (ಹೀಗೆ ಪೋಸ್ಟ್‌ಫಿಕ್ಸ್‌ಗೆ ಜೋಡಿಸುವ ಸಹಾಯಕ ಪ್ರೋಗ್ರಾಂ, ಇಲ್ಲಿ ಓಪನ್‌ಡಿಕಿಮ್) ಸಿಗದಿದ್ದರೂ ಮೇಲ್ ಹೋಗಲಿ ಎಂದು ನಾನು ಬರೆದಿದ್ದರಿಂದ ಎರಡು ದಿನ ಬಿಲ್ಲುಗಳು ಸಹಿಯಿಲ್ಲದೆ ಹೋದವು, ಯಾರಿಗೂ ಗೊತ್ತಾಗಲಿಲ್ಲ. ಸಾಕೆಟನ್ನು ಸ್ಪೂಲ್ ಒಳಗೆ ತಂದು, ಪೋಸ್ಟ್‌ಫಿಕ್ಸ್ ಬಳಕೆದಾರನನ್ನು ಓಪನ್‌ಡಿಕಿಮ್ ಗುಂಪಿಗೆ ಸೇರಿಸಿದ ಮೇಲೆ ಮತ್ತೆ ತೊಂದರೆ ಕೊಟ್ಟಿಲ್ಲ.

ಆರ್‌ಸ್ಪ್ಯಾಮ್‌ಡಿ ದೊಡ್ಡ ಸಂಸಾರ. ಸ್ಪ್ಯಾಮ್ ಸೋಸುವುದು ಮುಖ್ಯ, ಸಹಿ ಅದರ ಒಂದು ಮಾಡ್ಯೂಲ್. ಫೈಲಿನ ಬದಲು 11332ನೇ ನೆಟ್‌ವರ್ಕ್ ಪೋರ್ಟಿನಲ್ಲಿ ಮಾತಾಡುವುದರಿಂದ ಸಾಕೆಟ್ ಜಗಳವಿಲ್ಲ. ಡೊಮೇನ್ ಮತ್ತು ಸೆಲೆಕ್ಟರ್ (ಕೀಲಿಯನ್ನು ಗುರುತಿಸುವ ಹೆಸರು) ಸೇರಿದ ಹೆಸರಿನಲ್ಲಿ ಸಹಿಯ ಕೀಲಿ ಫೈಲ್ ಇಟ್ಟರೆ ಅದೇ ಹುಡುಕಿಕೊಳ್ಳುತ್ತದೆ, ಓಪನ್‌ಡಿಕಿಮ್‌ನಂತೆ ಎರಡೆರಡು ಪಟ್ಟಿ ಬರೆಯಬೇಕಿಲ್ಲ. ಇಲ್ಲಿ ನಾನು ಎಡವಿದ್ದು ಲಾಗಿನ್ ಹೆಸರಿನಲ್ಲಿ. ಬಿಲ್ಲಿಂಗ್ ಸಾಫ್ಟ್‌ವೇರ್ ಡೊಮೇನ್ ಇಲ್ಲದ ಬರೀ ಹೆಸರಿನಿಂದ ಲಾಗಿನ್ ಆಗುತ್ತಿತ್ತು. ಲಾಗಿನ್ ಹೆಸರಿನ ಡೊಮೇನೂ ಕಳಿಸುವವರ ವಿಳಾಸದ ಡೊಮೇನೂ ಒಂದೇ ಆಗದಿದ್ದರೆ ಆರ್‌ಸ್ಪ್ಯಾಮ್‌ಡಿ ಸಹಿ ಹಾಕುವುದಿಲ್ಲ. ತಡೆ ತೆಗೆಯುವ ಆಯ್ಕೆ ಇದೆ. ನಾನು ತೆಗೆಯದೆ ಲಾಗಿನ್ ಹೆಸರನ್ನೇ ಸರಿಮಾಡಿದೆ. ಒಬ್ಬರ ಪಾಸ್‌ವರ್ಡ್ ಕದ್ದವನು ಇನ್ನೊಬ್ಬರ ಹೆಸರಿನಲ್ಲಿ ಸಹಿಯಾದ ಬಿಲ್ಲು ಕಳಿಸಬಾರದಲ್ಲ.

ಎರಡಕ್ಕೂ 2048 ಬಿಟ್ ಕೀಲಿಯನ್ನೇ ಕೊಟ್ಟೆ. ಸಹಿ ಪರೀಕ್ಷಿಸುವ ಸಾರ್ವಜನಿಕ ಕೀಲಿ ಡಿಎನ್‌ಎಸ್‌ನಲ್ಲಿ (ಡೊಮೇನಿನ ಸಾರ್ವಜನಿಕ ದಾಖಲೆಗಳಲ್ಲಿ) ಇರುತ್ತದೆ. ಅಲ್ಲಿ ಒಂದು ತುಂಡಿಗೆ 255 ಅಕ್ಷರವೇ ಮಿತಿ, ಕೀಲಿಯನ್ನು ಒಡೆದು ಹಾಕಬೇಕು.

ಒಂದೇ ಡೊಮೇನಿನ ಸರ್ವರ್‌ನಲ್ಲಿ ಓಪನ್‌ಡಿಕಿಮ್ ಉಳಿಸಿದ್ದೇನೆ. ನಾಲ್ಕು ಅಂಗಡಿಗಳದ್ದನ್ನು ಬೇರೆ ಸೆಲೆಕ್ಟರ್ ಕೊಟ್ಟು ಆರ್‌ಸ್ಪ್ಯಾಮ್‌ಡಿಗೆ ಬದಲಿಸಿದೆ. ಹಳೆಯ ಕೀಲಿಯನ್ನು ಒಂದು ವಾರ ಡಿಎನ್‌ಎಸ್‌ನಲ್ಲೇ ಬಿಟ್ಟಿದ್ದೆ, ಆಗಲೇ ಸಹಿಯಾಗಿ ಸಾಲಿನಲ್ಲಿ ಕಾಯುತ್ತಿದ್ದ ಮೇಲುಗಳು ಮುಟ್ಟುವವರೆಗೆ.